ಚೋಂದಮ್ಮನ ಕ್ಯಾಮೆರಾ ಮತ್ತು ಕೆಂಪು ಬಾವುಟ

ಯಾರ ಮೇಲಾದರೂ ಹಲ್ಲು ಕಡಿಯುತ್ತಾ ಕೂತಿದ್ದೀರಾ? ಹಾಗಾದರೆ ಎರಡು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಓದಿ...

ಕೊಡಗಿನ ಒಂದು ರೈಫಲ್ ಕ್ಲಬ್. ಪ್ರತಿ ವರ್ಷ ಅಲ್ಲಿ ದೂರದ ಗುರಿಗೆ ಗುಂಡು ಹೊಡೆಯುವ ಸ್ಪರ್ಧೆ.

ಗುರಿಯ ಹಾಳೆ ಇರುವುದು ಮುನ್ನೂರು ಮೀಟರ್ ಆಚೆ. ಗುಂಡು ಎಲ್ಲಿ ತಾಗಿತು ಎಂದು ಹೊಡೆದವರಿಗೇ ಕಾಣುವುದಿಲ್ಲ.

ಹಾಳೆಯ ಕೆಳಗಿನ ಗುಂಡಿಯಲ್ಲಿ ಒಬ್ಬ ಕೂತಿರುತ್ತಾನೆ. ಹೊಸ ತೂತು ಕಂಡರೆ ಬಿಳಿ ಬಾವುಟ... ಕಾಣದಿದ್ದರೆ ಕೆಂಪು. ಅವನು ಬೀಸಿದ್ದೇ ತೀರ್ಪು!

ಹೋದ ವರ್ಷ ಸ್ಪರ್ಧೆಗಿಳಿದಿದ್ದ ಚೋಂದಮ್ಮ ಕೊನೆಯ ಗುಂಡು ಹೊಡೆದಾಗ ಕೆಂಪು ಬಾವುಟ ಬಂತು.

"ಸಾಧ್ಯವೇ ಇಲ್ಲ, ಇನ್ನೊಮ್ಮೆ ಸರಿಯಾಗಿ ನೋಡಿ" ಎಂದು ಅವಳು ಗೋಗರೆದಳು.

ಆ ವರ್ಷ ಗೆದ್ದವನು ಕ್ಲಬ್ಬಿನ ಕಾರ್ಯದರ್ಶಿ ಉತ್ತಪ್ಪ. ಮೈಕ್ ಹಿಡಿದು ನಕ್ಕುಬಿಟ್ಟ.

"ಅಕ್ಕಾ, ಇದು ಒಗ್ಗರಣೆ ಹಾಕಿದ ಹಾಗಲ್ಲ. ಕೈ ನಡುಗ್ತದೆ ಅಂದ್ರೆ ಮನೆಯಲ್ಲೇ ಇರಿ!"

ಜನ ಬಿದ್ದು ಬಿದ್ದು ನಕ್ಕರು. ಅವಳಿಗೆ ಬಂದೂಕು ಹಿಡಿಯಲು ಕಲಿಸಿದ ಅಪ್ಪ ಮುಂದಿನ ಸಾಲಿನಲ್ಲೇ ತಲೆ ತಗ್ಗಿಸಿ ಕೂತಿದ್ದರು... ಆ ಮಳೆಗಾಲದಲ್ಲೇ ತೀರಿಕೊಂಡರು.

ಗುಂಡಿಯಲ್ಲಿ ಕೂತಿದ್ದ ಬೆಳ್ಯಪ್ಪ ಉತ್ತಪ್ಪನ ಕಡೆಯವನು. ಇಬ್ಬರೂ ಸೇರಿ ಅಪ್ಪನ ಎದುರೇ ನನಗೆ ಮೋಸ ಮಾಡಿದರು ಎಂಬ ಮಾತು ಚೋಂದಮ್ಮನ ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ಆ ಕಳ್ಳರನ್ನು ಊರೆದುರು ಹಿಡಿದು ಹಾಕಬೇಕು. ಅದಕ್ಕೆ ಗುರಿಯ ಪಕ್ಕದಲ್ಲೇ ಒಂದು ಕ್ಯಾಮೆರಾ ಬೇಕು!

ಅಂಗಡಿಯದ್ದು ಕೈಗೆಟುಕುವಂತಿರಲಿಲ್ಲ. ತಾನೇ ಮಾಡಲು ಕೂತಳು. ಗುಜರಿಯಿಂದ ತಂದ ಸಿಸಿ ಕ್ಯಾಮೆರಾ, ಹೋಂಸ್ಟೇಯವರು ಬಿಸಾಡಿದ ರೂಟರ್, ಸ್ಕೂಟರಿನ ಹಳೇ ಬ್ಯಾಟರಿ.

ಮೊದಲ ಸಲ ವೈಫೈ ಅರ್ಧ ದಾರಿಗೇ ಸತ್ತುಹೋಯಿತು. ಮನೆಯ ಮಾಡಿನ ಮೇಲೆ ತುಕ್ಕು ಹಿಡಿಯುತ್ತಿದ್ದ ಟಿವಿ ಡಿಶ್ ಇಳಿಸಿ, ಅದರ ಎದುರಿಗೆ ರೂಟರ್ ಕಟ್ಟಿದಳು. ಸಿಗ್ನಲ್ ಬಂತು... ಚಿತ್ರ ಮಾತ್ರ ಮಸುಕು ಮಸುಕು.

ಲೆನ್ಸ್ ತಿರುಗಿಸಿ ತಿರುಗಿಸಿ ಬೆರಳಿನ ಸಿಪ್ಪೆ ಎದ್ದುಬಂತು. ಆದರೂ ಒಂದೊಂದು ಸ್ಕ್ರೂ ಬಿಗಿ ಮಾಡುವಾಗಲೂ ಉತ್ತಪ್ಪನ ಕತ್ತು ತಿರುಚಿದಷ್ಟು ಸಮಾಧಾನ!

ಕೊನೆಗೊಂದು ದಿನ ಮುನ್ನೂರು ಮೀಟರ್ ಆಚೆಯ ಹಾಳೆ ಅವಳ ಫೋನಿನಲ್ಲಿ ಅಂಗೈಯಷ್ಟು ಸ್ಪಷ್ಟವಾಗಿ ಕಂಡಿತು.

ಈ ವರ್ಷದ ಸ್ಪರ್ಧೆ. ಗುಂಡಿಯಲ್ಲಿ ಈ ಸಲವೂ ಬೆಳ್ಯಪ್ಪನೇ. ಅವಳು ಗುರಿಯ ಪಕ್ಕ ಮರಳಿನ ಚೀಲ ಪೇರಿಸಿ ಕ್ಯಾಮೆರಾ ಇಡುವುದನ್ನು ಉತ್ತಪ್ಪ ನೋಡಿದ.

"ಎಂತ ಅಕ್ಕ ಇದು, ಗುಬ್ಬಿಗೂಡಾ? ಇಡಿ ಇಡಿ... ನಮಗೆ ಎಂತ ಭಯ!"

'ಇವತ್ತು ನಿನಗಿದೆ' ಎಂದುಕೊಂಡಳು ಚೋಂದಮ್ಮ.

ಕೊನೆಗೆ ಉಳಿದವರು ಅವರಿಬ್ಬರೇ. ಅಂಕ ಸಮ ಸಮ. ಇಬ್ಬರಿಗೂ ಒಂದೊಂದೇ ಗುಂಡು ಬಾಕಿ.

ಚೋಂದಮ್ಮ ಹೊಡೆದಳು. ಬಿಳಿ ಬಾವುಟ! ನಡುವಿನಿಂದ ಸ್ವಲ್ಪ ಪಕ್ಕಕ್ಕೆ ತಾಗಿತ್ತು.

ಉತ್ತಪ್ಪ ಹೊಡೆದ... ಕೆಂಪು ಬಾವುಟ!

ಉತ್ತಪ್ಪನ ಮುಖ ಬಿಳುಚಿಕೊಂಡಿತು. ವಾಕಿಟಾಕಿಯಲ್ಲಿ ಕೂಗಿದ, "ಬೆಳ್ಯಪ್ಪಾ, ಸರಿಯಾಗಿ ನೋಡು ಮಾರಾಯ!"

"ಹೊಸ ತೂತು ಇಲ್ಲವೇ ಇಲ್ಲ ಅಣ್ಣಾ."

ಗುಂಪಿನಲ್ಲಿ ಯಾರೋ ಕೂಗಿದರು, "ಉತ್ತಪ್ಪನಿಗೂ ಕೈ ನಡುಗಿತು!" ಜನ ಹೋ ಎಂದು ನಕ್ಕರು.

ಚೋಂದಮ್ಮನಿಗೆ ಹಾಲು ಕುಡಿದಷ್ಟು ಸಂತೋಷ. ಅವನ ಸೋಲನ್ನು ಇನ್ನೊಮ್ಮೆ ಸವಿಯೋಣ ಎಂದು ಫೋನಿನಲ್ಲಿ ವಿಡಿಯೋ ಹಿಂದಕ್ಕೆ ಓಡಿಸಿದಳು...

ವಿಡಿಯೋವನ್ನು ಅಲ್ಲೇ ನಿಲ್ಲಿಸಿದಳು.

ಹಾಳೆಯ ನಟ್ಟನಡುವೆ ಉತ್ತಪ್ಪನ ಹಿಂದಿನ ಗುಂಡಿನ ತೂತಿತ್ತು. ಈ ಗುಂಡು ಬಂದಾಗ ಹಾಳೆ ಅದುರಿ, ಅದೇ ತೂತಿನ ಅಂಚು ಚೂರೇ ಚೂರು ಹರಿದಿತ್ತು.

ಗುಂಡು ಹಳೇ ತೂತಿನೊಳಗೇ ನುಗ್ಗಿ ಹೋಗಿತ್ತು! ಹೊಸ ತೂತು ಹುಡುಕುತ್ತಿದ್ದ ಬೆಳ್ಯಪ್ಪನಿಗೆ ಅದು ಕಾಣುವುದಾದರೂ ಹೇಗೆ?

ಹಾಗಾದರೆ... ಹೋದ ವರ್ಷ?

ಆಗಲೂ ಅವಳ ಹಿಂದಿನ ಗುಂಡು ನಟ್ಟನಡುವೆಯೇ ಇತ್ತು. ಕೊನೆಯದೂ ಅದೇ ತೂತಿನೊಳಗೆ ಹೋಗಿರಬೇಕು. ಯಾರೂ ಮೋಸ ಮಾಡಿರಲಿಲ್ಲ. ಅವಳ ಗುರಿಯೂ ತಪ್ಪಿರಲಿಲ್ಲ... ಅಪ್ಪನಿಗೆ ಹೇಳೋಣ ಎಂದರೆ ಅಪ್ಪನೇ ಇರಲಿಲ್ಲ.

ಮರುಕ್ಷಣವೇ ಸಿಟ್ಟು ಉಕ್ಕಿತು. ಮೋಸ ಮಾಡದಿದ್ದರೇನು, ಅಪ್ಪನೆದುರು ಆ ಮಾತು ಆಡಿದವನು ಅವನೇ ತಾನೇ? ಅನುಭವಿಸಲಿ!

ಫೋನನ್ನು ಜೇಬಿಗೆ ಹಾಕಿಕೊಂಡು ಕಪ್ ತೆಗೆದುಕೊಳ್ಳಲು ವೇದಿಕೆಯತ್ತ ನಡೆದಳು.

ದಾರಿಯಲ್ಲಿ ಉತ್ತಪ್ಪ ಕುಸಿದು ಕೂತಿದ್ದ. "ತಾಗಿದೆ... ನನಗೆ ಗೊತ್ತು, ತಾಗಿದೆ..." ಎಂದು ತನ್ನಷ್ಟಕ್ಕೇ ಗೊಣಗುತ್ತಿದ್ದ.

ವರ್ಷವಿಡೀ ಅವಳು ಗೋಡೆಗೆ, ಕನ್ನಡಿಗೆ, ಅಪ್ಪನ ಫೋಟೋಗೆ ಹೇಳಿಕೊಂಡದ್ದೂ ಅದೇ ಮಾತು.

ಚೋಂದಮ್ಮನ ಕಾಲು ಮುಂದೆ ಹೋಗಲಿಲ್ಲ. ಫೋನ್ ತೆಗೆದು ಅವನ ಕಣ್ಣೆದುರು ಹಿಡಿದಳು.

"ನೋಡಿ. ಹಳೇ ತೂತಿನಲ್ಲೇ ಹೋಗಿದೆ. ಗೆದ್ದದ್ದು ನೀವು."

ಅವನು ನೋಡಿದ. ಮತ್ತೆ ನೋಡಿದ. ಮುಖ ಎತ್ತಿದಾಗ ಕಣ್ಣು ತುಂಬಿತ್ತು.

"ಅಕ್ಕಾ... ಹೋದ ವರ್ಷ ನಿಮ್ಮದೂ...?"

"ಹೌದು, ಹಾಗೇ ಆಗಿರಬೇಕು."

"ಅಯ್ಯೋ... ನಿಮ್ಮ ಅಪ್ಪನ ಎದುರು ನಾನು ಎಂಥ ಮಾತಾಡಿಬಿಟ್ಟೆ..." ಅವನು ಕೈಮುಗಿದು ಮಗುವಿನಂತೆ ಅತ್ತ. ಚೋಂದಮ್ಮನ ಕೆನ್ನೆಯೂ ಒದ್ದೆಯಾಯಿತು.

ಆದರೂ ಅವಳು ಚೋಂದಮ್ಮ ಅಲ್ಲವೇ? ಕಣ್ಣೊರೆಸಿಕೊಂಡು ಹೇಳಿದಳು.

"ವಿಡಿಯೋ ತೋರಿಸಿದೆ ಅಂತ ಆ ಮಾತು ಮರೆತೆ ಅಂದ್ಕೊಬೇಡಿ. ಬರುವ ವರ್ಷ ಬನ್ನಿ... ನಿಜವಾಗಿಯೇ ಸೋಲಿಸ್ತೇನೆ!"

ಸೇಡು ತೀರಿಸಿಕೊಳ್ಳುವುದಿದ್ದರೂ ಸುಳ್ಳಿನ ಸಾಲ ಪಡೆದು ತೀರಿಸಿಕೊಳ್ಳಬೇಡಿ.

ನಿಮ್ಮ ಶತ್ರು ಗೆದ್ದ ವಿಷಯ ನಿಮಗೊಬ್ಬರಿಗೇ ಗೊತ್ತಿದ್ದರೆ... ನೀವು ಏನು ಮಾಡುತ್ತಿದ್ದಿರಿ?