ಹೆಣದ ಗಾಡಿಯ ಮೂತಿ

ಹೆಣದ ಗಾಡಿಗೆ ಕಲ್ಲೇಟು ಬೀಳುವುದಿಲ್ಲ.

ನಲವತ್ತು ವರ್ಷ ಗಾಡಿಗಳ ಮೂತಿಗೆ ಬಣ್ಣ ಹೊಡೆದ ಪೇಂಟರಿಗೆ ಅಷ್ಟೂ ಗೊತ್ತಿರುವುದಿಲ್ಲವೇ? ಆದರೂ ಮೂರನೆಯ ಸಲ ಕುಕ್ಕರಗಾಲಲ್ಲಿ ಕೂತು ಬೆರಳಾಡಿಸಿ ನೋಡಿದ. ಬಾನೆಟ್ಟಿನ ಅಂಚಿನಿಂದ ಬಂಪರಿನ ತನಕ ಸಿಡುಬೆದ್ದು ಮಾಗಿದ ಮುಖದಂತೆ ಗುಂಡಿಗಳು.

ಕಲ್ಲು ಬಂದು ಗಾಡಿಗೆ ಹೊಡೆಯುವುದಿಲ್ಲ, ಗಾಡಿಯೇ ಹೋಗಿ ಕಲ್ಲಿಗೆ ಹೊಡೆಸಿಕೊಳ್ಳುತ್ತದೆ. ಗಿರಾಕಿಗಳಿಗೆಲ್ಲ ಅವನು ಹೇಳುವ ಮಾತು ಇದು. ಮೆಲ್ಲಗೆ ಹೋಗುವ ಗಾಡಿಗೆ ಕಲ್ಲು ಟಿಕ್ಕೆಂದು ತಾಗಿ ಜಾರಿಹೋಗುತ್ತದೆ. ಬಣ್ಣ ಕಿತ್ತು ತಗಡು ಕಾಣಬೇಕಾದರೆ ವೇಗ ಬೇಕು. ಮುಂದೊಂದು ಲಾರಿ ಬೇಕು, ಅದರ ಬಾಲ ಹಿಡಿದು ಓಡಿಸುವ ಹುಚ್ಚನೊಬ್ಬ ಬೇಕು. ಇಲ್ಲಿ ಕೆಲವು ಗುಂಡಿಗಳಿಗೆ ತುಕ್ಕು ಹಿಡಿದಿತ್ತು, ಕೆಲವು ಇನ್ನೂ ಹೊಳೆಯುತ್ತಿದ್ದವು. ಅಂದರೆ ಒಂದು ದಿನದ ತಪ್ಪಲ್ಲ. ಚಾಳಿ.

ಬೆಳಿಗ್ಗೆ ಗಾಡಿ ಬಿಟ್ಟುಹೋದ ಡ್ರೈವರ್ ತೆಳ್ಳಗಿನ ಆಳು, ಮಾತು ಕಮ್ಮಿ. ಆಸ್ಪತ್ರೆಯ ಶವದ ಗಾಡಿ ಓಡಿಸಲು ಹತ್ತಿ ಆರು ವರ್ಷವಾಯಿತಂತೆ. ಮೂತಿಗೆ ಹೊಸ ಬಣ್ಣ ಹೊಡೆಯಬೇಕು, ಅದರ ಮೇಲೆ ಗಾಜಿನಂಥ ಫಿಲಂ ಅಂಟಿಸಬೇಕು, ಮತ್ತೆ ಕಲ್ಲೇಟು ಬಿದ್ದರೂ ಗುರುತು ಕಾಣಬಾರದು ಎಂದ. ಗುರುತು ಕಾಣಬಾರದು! ಪೇಂಟರಿಗೆ ಅಲ್ಲೇ ಮೈ ಉರಿಯಿತು.

"ಫಿಲಂ ಯಾಕೆ? ನಿಧಾನ ಹೋದ್ರೆ ಸಾಕಲ್ಲ. ಹೋದವರಿಗೆ ಏನಪ್ಪಾ ಅವಸರ?"

ಡ್ರೈವರ್ ನೆಲ ನೋಡಿದ. "ಹೋದವರಿಗೆ ಅವಸರ ಇರಲ್ಲ ಅಣ್ಣ," ಎಂದಷ್ಟೇ ಹೇಳಿ ಬೀಗದ ಕೈ ಕೊಟ್ಟು ನಡೆದುಬಿಟ್ಟ.

ಹಾಗಾದರೆ ಅವಸರ ಇವನದೇ. ಹೆಣ ಇಳಿಸಿ ಬಾಡಿಗೆ ಹೊಡೆಯಲು ಹೋಗುತ್ತಾನೋ, ಹೆಣವನ್ನು ಹಿಂದೆ ಕುಲುಕಾಡಿಸಿಕೊಂಡೇ ಪಂದ್ಯ ಕಟ್ಟುತ್ತಾನೋ. ಅನುಮಾನ ಬಿಡಲಿಲ್ಲ. ಪೇಂಟರ್ ಹಿಂದಿನ ಬಾಗಿಲು ತೆಗೆದ.

ಬಾಡಿದ ಹೂವಿನ ವಾಸನೆ ಮೂಗಿಗೆ ಬಡಿಯಿತು. ಉದ್ದಕ್ಕೆ ತಗಡಿನ ಹಲಗೆ. ಅದರ ತಲೆಯ ಕಡೆ ಮಡಚಿಟ್ಟ ಹಳೆಯ ಕೋಟು, ಜೇಬು ಹರಿದು ಕೆಂಪು ದಾರದಲ್ಲಿ ಹೊಲಿದದ್ದು. ನಡುಮಧ್ಯೆ ತಲೆ ಎಣ್ಣೆಯ ಅಂಗೈಯಗಲದ ಕಲೆ. ಪಕ್ಕದಲ್ಲಿ ಅರ್ಧ ಕುಡಿದ ನೀರಿನ ಬಾಟಲಿ, ಒಂದು ಚಮಚ.

ಸತ್ತವರಿಗೆ ದಿಂಬು ಬೇಕಿಲ್ಲ, ನೀರೂ ಬೇಕಿಲ್ಲ. ಈ ಡ್ರೈವರ್ ಇಲ್ಲೇ ಉಂಡು ಇಲ್ಲೇ ಉರುಳುತ್ತಾನೆ, ಹೆಣ ಮಲಗಿದ ಜಾಗದಲ್ಲಿ! ಥೂ. ಪೇಂಟರ್ ಕೈಯಲ್ಲಿ ಮುಟ್ಟಲು ಹೇಸಿ, ಕೋಲಿನ ತುದಿಯಿಂದ ಕೋಟನ್ನೆತ್ತಿ ಹಳೆಯ ಟೈರುಗಳ ಕಡೆ ಎಸೆದ. ಆಮೇಲೆ ಎರಡು ಸಲ ಸೋಪು ಹಾಕಿ ಕೈ ತೊಳೆದ.

ಅದೇ ಆಸ್ಪತ್ರೆಯಲ್ಲಿ ಎಂಥೆಂಥ ಜನರಿದ್ದಾರೆ. ಮೂರು ತಿಂಗಳ ಹಿಂದೆ ತನ್ನ ಹೆಂಡತಿಗೆ ಅವಳ ಅಕ್ಕನ ಮನೆಯಲ್ಲಿ ಎದೆನೋವು ಬಂದಾಗ ಆ ಆಸ್ಪತ್ರೆಗೇ ಕರೆತಂದಿದ್ದರು. ಕಾಲು ಗಂಟೆ ತಡವಾಗಿದ್ದರೆ ನಮ್ಮ ಕೈಲಿರಲಿಲ್ಲ ಎಂದಿದ್ದರು ಡಾಕ್ಟರು. ಮಾರನೆಯ ದಿನ ಪೇಂಟರ್ ಕೈಮುಗಿಯಲು ಆಂಬುಲೆನ್ಸ್ ಡ್ರೈವರುಗಳನ್ನು ಹುಡುಕಿಕೊಂಡು ಹೋದರೆ, ನಾನಲ್ಲ ನಾನಲ್ಲ ಎಂದು ಒಬ್ಬರೂ ಒಪ್ಪಿಕೊಳ್ಳಲಿಲ್ಲ. ಮಾಡಿದ ಉಪಕಾರ ಬಾಯಿಬಿಟ್ಟು ಹೇಳದ ದೊಡ್ಡ ಮನುಷ್ಯರು. ಅಂಥವರ ನಡುವೆ ಈ ಹೇಸಿಗೆ.

ಆಸ್ಪತ್ರೆಯ ಕಚೇರಿಗೆ ಫೋನು ಮಾಡಿದ. ಮೇಲಧಿಕಾರಿ ಎಲ್ಲ ಕೇಳಿಸಿಕೊಂಡು, ಮೂರು ಗಂಟೆಗೆ ತಾನೇ ಬಂದು ನೋಡುವುದಾಗಿ ಹೇಳಿದರು. ಅಲ್ಲಿಯ ತನಕ ಮೂತಿ ಮುಟ್ಟಬಾರದು. ಗುಂಡಿಗಳು ಇರುವುದು ನಿಜವಾದರೆ ಆ ಮನುಷ್ಯ ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ.

ಪಕ್ಕದ ಪಂಕ್ಚರ್ ಅಂಗಡಿಯವನಿಗೆ ಮನಸ್ಸು ತಡೆಯಲಿಲ್ಲ. ಆ ಡ್ರೈವರಿಗೆ ಇಬ್ಬರು ಹೆಣ್ಣುಮಕ್ಕಳಂತೆ, ಹೊಟ್ಟೆಯ ಮೇಲೆ ಹೊಡೆಯಬೇಡ ಎಂದ.

"ಸತ್ತವರಿಗೆ ಮರ್ಯಾದೆ ಕೊಡದವನು ಬದುಕಿರೋರಿಗೆ ಏನು ಮಾಡಿಯಾನು?" ಎಂದ ಪೇಂಟರ್. ಉಪ್ಪುಕಾಗದ ಬದಿಗಿಟ್ಟು ಕೈಕಟ್ಟಿ ಕೂತ.

ಮಧ್ಯಾಹ್ನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಟೈರುಗಳ ಹತ್ತಿರ ನಿಂತಳು. ಡಬ್ಬಿ ಕೆಳಗಿಟ್ಟು ಬಗ್ಗಿದಳು.

"ಮುಟ್ಟಬೇಡ ಅದನ್ನ, ಗಲೀಜು," ಎಂದ ಇವನು.

ಅವಳಿಗೆ ಕೇಳಿಸಿದಂತಿರಲಿಲ್ಲ. ಕೋಟು ಕೊಡವಿದಳು. ಕೆಂಪು ದಾರದ ಮೇಲೆ ಹೆಬ್ಬೆರಳು ಆಡಿಸಿದಳು.

"ಇದನ್ನ ಯಾರು ರೀ ಮಣ್ಣಿಗೆ ಎಸೆದಿದ್ದು? ಆವತ್ತು ಎದೆನೋವಲ್ಲಿ ಆಸ್ಪತ್ರೆ ಮುಟ್ಟೋ ತನಕ ಈ ಕೆಂಪು ದಾರ ನೋಡ್ತಾನೇ ಮಲಗಿದ್ದೆ. ಕೋಟಿಗೆಲ್ಲ ತಲೆ ಎಣ್ಣೆ ಮೆತ್ತಿಬಿಟ್ಟೆನಲ್ಲಪ್ಪ, ಒಗೆದು ಕೊಡ್ತೀನಿ ಅಂದ್ರೆ, ಇರಲಿ ಬಿಡಿ ಅಮ್ಮ, ಅದು ನಿಮ್ಮೊಬ್ಬರ ಎಣ್ಣೆ ಅಲ್ಲ ಅಂದ ಪುಣ್ಯಾತ್ಮ."

ಪೇಂಟರ್ ಡಬ್ಬಿ ಬಿಚ್ಚಲೇ ಇಲ್ಲ, ಉಪ್ಪುಕಾಗದ ಎತ್ತಿಕೊಂಡ.

ಮೂರು ಗಂಟೆಗೆ ಮೇಲಧಿಕಾರಿ ಬಂದರು. ಮೂತಿ ಕನ್ನಡಿಯಷ್ಟು ನುಣ್ಣಗಿತ್ತು, ಅದರ ಮೇಲೆ ಬೂದು ಬಣ್ಣದ ಪ್ರೈಮರ್ ಆಗಲೇ ಒಣಗುತ್ತಿತ್ತು. ಹಗ್ಗದ ಮೇಲೆ ಒಂದು ಕೋಟು ನೀರು ತೊಟ್ಟಿಕ್ಕುತ್ತಿತ್ತು. ಎಲ್ಲಿ ಆ ಗುಂಡಿಗಳು ಎಂದು ಅವರು ಕೇಳಿದರು. ಪೇಂಟರ್ ತಲೆ ಎತ್ತಲಿಲ್ಲ.

"ಹೆಣದ ಗಾಡಿಗೆ ಎಲ್ಲಾದ್ರೂ ಕಲ್ಲೇಟು ಬೀಳುತ್ತಾ ಸಾರ್?"