ವಾಪಸ್ ಬಾರದ ಮೇಲ್

"ಮೇಲ್ ಹೋಗಿದೆ. ತಲುಪದಿದ್ರೆ ವಾಪಸ್ ಬರ್ತಿತ್ತು. ಬಂದಿಲ್ಲ," ಎಂದ ನರ್ಸಿಂಗ್ ಕಾಲೇಜಿನ ಸರ್ವರ್ ನೋಡಿಕೊಳ್ಳುವವನು.

ಕೌಂಟರಿನ ಆಚೆ ಮಗಳ ಜೊತೆ ನಿಂತಿದ್ದ ಅಪ್ಪನಿಗೆ ಅಷ್ಟು ಸಾಕಾಯಿತು. ಸಂದರ್ಶನದ ದಿನ ದಾಟಿ, ಸೀಟು ಬೇರೆಯವರ ಪಾಲಾಗಿತ್ತು. ಕರೆಯ ಮೇಲ್ ಬರಲೇ ಇಲ್ಲ ಎಂಬ ಮಗಳ ಮಾತು ನಂಬಿ ಜಗಳಕ್ಕೆಂದೇ ಬಂದವರು ಅವರು. ಈಗ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಅವಳಿಗೇ ಬೈದರು. ಓದಿ ಕಡಿದು ಕಟ್ಟೆ ಹಾಕಿದ್ದು ಸಾಕು, ನಾಳೆಯಿಂದ ಚಿಕ್ಕಪ್ಪನ ಅಂಗಡಿಯಲ್ಲಿ ಕೂತ್ಕೋ ಎಂದರು.

"ದಿನಾ ನೋಡ್ತಿದ್ದೆ ಅಪ್ಪಾ, ನಿಮ್ಮಾಣೆಗೂ," ಎಂದಳು ಹುಡುಗಿ.

ಇವಳ ಬಾಯಿ ಒಮ್ಮೆಗೇ ಮುಚ್ಚಿಸಿಬಿಡೋಣ ಎಂದು ಸರ್ವರಿನವನು ದಾಖಲೆ ತೆರೆದ. ಮೇಲ್ ಹೋಗಿತ್ತು, ಸರಿ. ಜೊತೆಗಿದ್ದ ಫೈಲು ತೀರಾ ದೊಡ್ಡದೆಂದು ಆ ಕಡೆಯ ಸರ್ವರ್ ಅದನ್ನು ಹುಡುಗಿಗೆ ಕೊಡದೆ, 'ತಲುಪಿಲ್ಲ' ಎಂಬ ಸೂಚನೆಯನ್ನು ಕಾಲೇಜಿಗೆ ವಾಪಸ್ ಕಳಿಸಿತ್ತು. ಆ ಸೂಚನೆಯನ್ನು ಬಾಗಿಲಲ್ಲೇ ತಡೆದು ಓಡಿಸಿದ್ದು ಇವನದೇ ಸರ್ವರ್. ಇಂಥ ಸೂಚನೆಗಳಲ್ಲಿ ಕಳಿಸಿದವರ ವಿಳಾಸ ಖಾಲಿಯಿರುತ್ತದೆ. ಖಾಲಿಯೇ ಇರಬೇಕು, ಅಂಥದ್ದನ್ನು ಒಳಗೆ ಬಿಡಲೂಬೇಕು, ಅದು ಎಲ್ಲರೂ ಒಪ್ಪಿದ ನಿಯಮ. ಪುಣ್ಯಾತ್ಮನಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಕಸದ ಮೇಲ್‌ಗಳ ಕಾಟ ತಾಳಲಾರದೆ, ವಿಳಾಸವಿಲ್ಲದೆ ಬರುವವೆಲ್ಲ ಕಳ್ಳಮಾಲೇ ಎಂದುಕೊಂಡು ಎಲ್ಲಕ್ಕೂ ಬಾಗಿಲು ಹಾಕಿದ್ದ. ಕಾಟ ನಿಂತಿತೆಂದು ಪ್ರಿನ್ಸಿಪಾಲರು ಬೆನ್ನು ತಟ್ಟಿದ್ದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಹಾಕಿಸಿಕೊಂಡವಳು ಎದುರಿಗೇ ನಿಂತು ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವನ ಕಿವಿ ಬಿಸಿಯಾಯಿತು. ಹೇಳಬೇಕೆಂದು ಬಾಯಿ ತೆರೆದ. ಬೆನ್ನ ಹಿಂದೆ ಪ್ರಿನ್ಸಿಪಾಲರು ಯಾರ ಜೊತೆಗೋ ನಗುತ್ತಾ ಮಾತಾಡುತ್ತಿದ್ದರು. "ಮುಂದಿನವ್ರು ಬನ್ನಿ," ಎಂದ.

ಅಪ್ಪ ಮಗಳು ಹೊರಟುಹೋದರು. ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಕೂತಲ್ಲಿ ಕೂರಲಾಗದೆ ಎದ್ದು ಬಸ್ ಸ್ಟಾಪಿನವರೆಗೂ ಓಡಿದ. ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿದ: ಮೇಲ್ ತಲುಪಿಯೇ ಇರಲಿಲ್ಲ, ಆ ಸುದ್ದಿ ಬಂದದ್ದನ್ನು ಓಡಿಸಿದವನು ನಾನೇ, ಹುಡುಗಿಯದು ಏನೇನೂ ತಪ್ಪಿಲ್ಲ.

ಅಪ್ಪ ಅವನ ಎರಡೂ ಕೈ ಹಿಡಿದುಕೊಂಡರು. "ಬಿಡಿ ಸಾರ್. ಮಗು ಅಳ್ತಿದೆ ಅಂತ ತಪ್ಪು ನಿಮ್ಮ ಮೇಲೆ ಹಾಕ್ಕೊಳ್ತಿದ್ದೀರಿ. ನಿಜವಾಗ್ಲೂ ಹಾಗಿದ್ದಿದ್ರೆ ಅಲ್ಲೇ, ಎಲ್ಲರ ಮುಂದೆ ಹೇಳ್ತಿರ್ಲಿಲ್ವಾ?"

ಅಪ್ಪ ಮಗಳ ಕಡೆ ತಿರುಗಿ, ದೊಡ್ಡ ಗುಣ ಅಂದ್ರೆ ಇದು, ನೋಡಿ ಕಲಿ, ಸಾರ್‌ಗೆ ಥ್ಯಾಂಕ್ಸ್ ಹೇಳು ಎಂದರು.

ಹುಡುಗಿ ಅವನ ಮುಖವನ್ನೇ ನೋಡುತ್ತಾ "ಥ್ಯಾಂಕ್ಸ್ ಸಾರ್," ಎಂದಳು.