ವಿಮಾನಕ್ಕೆ ಇಡದ ಕುಂಕುಮ

ಆಯುಧಪೂಜೆಯಂದು ಕಾರಿಗೆ ಕುಂಕುಮವಿಡುವಾಗ ಪೆಟ್ರೋಲಿನ ವಾಸನೆ ಬಂದರೆ ಈಗಲೂ ನನಗೆ ಅಜ್ಜಿ ನೆನಪಾಗುತ್ತಾಳೆ.

ನಾನು ಶಾಲೆಯಲ್ಲಿದ್ದಾಗ, ದಸರಾ ರಜೆಯ ಒಂದು ಮಧ್ಯಾಹ್ನ ಹಾರಾಟದ ಕ್ಲಬ್ಬೊಂದರ ಪುಟ್ಟ ವಿಮಾನಗಳು ಮದ್ದೂರಿನ ಹೊರಗಿನ ಬಯಲಿನಲ್ಲಿ ಇಳಿದಿದ್ದವು. ನೋಡಲು ಸುತ್ತಲಿನ ಹಳ್ಳಿಗಳೆಲ್ಲ ನೆರೆದಿದ್ದವು. ಅಜ್ಜಿ ನಮ್ಮೂರು ಬೆಸಗರಹಳ್ಳಿಯಿಂದಲೇ ಕುಂಕುಮದ ಭರಣಿ ತಂದಿದ್ದಳು.

"ಟ್ಯಾಕ್ಟರ್‌ಗೇ ಇಕ್ತೀವಿ, ಆಕಾಸ್ದಲ್ಲಿ ಆರೋದ್ಕೆ ಬ್ಯಾಡ್ವೇನ್ಲಾ?" ಎಂದು ಪೆಟ್ರೋಲಿನ ವಾಸನೆ ಬರುತ್ತಿದ್ದ ಒಂದು ವಿಮಾನದ ಮುಂದೆ ನಿಂತು ಭರಣಿಯಲ್ಲಿ ಬೆರಳನ್ನು ಅದ್ದಿದಳು.

ರಜೆಗೆ ಮುಂಚಿನ ವಾರವಷ್ಟೇ ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಮೂಢನಂಬಿಕೆಯ ವಿರುದ್ಧ ಮಾತನಾಡಿ ಗೆದ್ದಿದ್ದ ನಾನು ಅವಳ ಕೈ ಹಿಡಿದೆ.

"ಬ್ಯಾಡ ಅಜ್ಜಿ, ನಗ್ತಾರೆ."

ಯಾರೂ ನಗುತ್ತಿರಲಿಲ್ಲ. ಆ ವಿಮಾನದ ಪೈಲಟ್ ಟೋಪಿ ತೆಗೆದು, ಅವಳಿಗೆ ಜಾಗ ಬಿಟ್ಟು ನಿಂತಿದ್ದರು.

"ಅಂಗಾರೆ ನಿಂಗೇ ಇರ್ಲಿ ಬುಡು" ಎಂದು ಅಜ್ಜಿ ಆ ಬೆರಳನ್ನು ನನ್ನ ಹಣೆಗೆ ಒತ್ತಿದಳು.

ಎಲ್ಲರೆದುರಿಗೇ ನಾನು ಅದನ್ನು ಅಂಗಿಯ ತೋಳಿನಿಂದ ಒರೆಸಿಕೊಂಡೆ.